ಅರೆಟೊಳ್ಳು ಗಿಟಾರಿನ ಗುಟ್ಟು

ಮದುವೆಯ ಚಪ್ಪರದಲ್ಲಿಯೋ ಸಭೆಯ ವೇದಿಕೆಯ ಮೇಲೆಯೋ ಧ್ವನಿವರ್ಧಕವು ಒಮ್ಮೆಲೇ ಕಿವಿಗಡಚಿಕ್ಕುವಂತೆ ‘ಕುಂಯ್’ ಎಂದು ಕೂಗಿಕೊಳ್ಳುವುದನ್ನು ಕೇಳದ ವಾಚಕರು ವಿರಳ. ಮೈಕಿನವನು ಓಡಿಬಂದು ಯಾವುದೋ ಗುಂಡಿಯನ್ನು ತಿರುಗಿಸುತ್ತಾನೆ, ಇಲ್ಲವೆ ಮೈಕನ್ನೆತ್ತಿ ಬೇರೆ ಕಡೆಗೆ ಮುಖಮಾಡಿ ನಿಲ್ಲಿಸುತ್ತಾನೆ. ಕೂಗು ಅಡಗುತ್ತದೆ, ಭಾಷಣ ಮುಂದುವರಿಯುತ್ತದೆ. ನಮಗೆ ಒಂದು ಕ್ಷಣದ ಕಿರಿಕಿರಿಯಾಗಿರುವ ಈ ಕೂಗು, ವಿದ್ಯುತ್ ಗಿಟಾರನ್ನು ತಯಾರಿಸುವವರಿಗೆ ಎರಡು ದಶಕಗಳ ಕಾಲ ದೊಡ್ಡ ತಲೆನೋವಾಗಿದ್ದಿತು. ಅದನ್ನು ಪಳಗಿಸುವ ಪ್ರಯತ್ನದಲ್ಲಿ ಹುಟ್ಟಿದ ವಾದ್ಯಗಳಲ್ಲೊಂದು, 1958ರಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದ ಕಲಮಜೂ ಪಟ್ಟಣದಲ್ಲಿ ಗಿಬ್ಸನ್ ಕಂಪೆನಿಯವರು ಹೊರತಂದ ‘ಇಎಸ್-335’ ಎಂಬ ಗಿಟಾರು. ಅದು ಪೂರ್ತಿ ಟೊಳ್ಳೂ ಅಲ್ಲ, ಪೂರ್ತಿ ಗಟ್ಟಿಯೂ ಅಲ್ಲ. ಅರುವತ್ತು ವರ್ಷಗಳಿಗೂ ಮಿಕ್ಕಿ, ಒಂದಲ್ಲ ಒಂದು ರೂಪದಲ್ಲಿ ಅದು ತಯಾರಾಗುತ್ತಲೇ ಬಂದಿದೆ. ಅದರ ಹಳೆಯ ಮಾದರಿಯನ್ನೇ ಹೋಲುವ ಗಿಟಾರುಗಳನ್ನು ಇಂದಿಗೂ ವಾದಕರು ಹುಡುಕಿ ಕೊಳ್ಳುತ್ತಾರೆ. ಈ ಆಕರ್ಷಣೆಗೆ ಭೌತವಿಜ್ಞಾನದ ಆಧಾರ ಎಷ್ಟು, ಬರಿಯ ಭಾವನೆ ಎಷ್ಟು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಗಿಟಾರಿನ ಒಡಲು ಟೊಳ್ಳಾಗಿರುವುದೇಕೆ ಎಂಬುದನ್ನು ನೋಡಬೇಕು. ಬಿಗಿದ ತಂತಿಯೊಂದನ್ನು ಮೀಟಿದರೆ ಅದು ಕಂಪಿಸುವುದು ನಿಜ. ಆದರೆ ತಂತಿ ಬಹಳ ಸಪುರವಾದುದು. ಗಾಳಿಯನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ಗಾಳಿಯನ್ನು ತಳ್ಳಲಾರದು. ಆದುದರಿಂದ ತಂತಿಯೊಂದರ ಸ್ವಂತ ಧ್ವನಿ ಕ್ಷೀಣವಾದುದು. ಶ್ರುತಿಕವೆಯನ್ನು ತಟ್ಟಿ ಕೈಯಲ್ಲಿ ಹಿಡಿದರೆ ಪಕ್ಕದವನಿಗೂ ಕೇಳಿಸುವುದು ಕಷ್ಟ. ಅದರ ಕಾಲನ್ನು ಮೇಜಿನ ಮೇಲೆ ಒತ್ತಿದೊಡನೆ ಕೋಣೆಯೆಲ್ಲ ಕೇಳಿಸುತ್ತದೆ. ಮೇಜಿನ ಹಲಗೆ ತಾನೂ ಕಂಪಿಸಿ ಅಗಲವಾದ ಗಾಳಿಯ ಪಟ್ಟಿಯನ್ನು ಅಲುಗಿಸಿತು ಎಂದರ್ಥ. ನಮ್ಮ ವೀಣೆಯ ಹಲಸಿನ ಕೊಡವೂ, ತಂಬೂರಿಯ ಬುರುಡೆಯೂ ಮಾಡುವ ಕೆಲಸ ಇದೇ. ತಂತಿಯ ಕಂಪನವು ಕುದುರೆಯ ಮೂಲಕ ಹಲಗೆಗೆ ಇಳಿಯುತ್ತದೆ; ಹಲಗೆಯೂ ಒಳಗಿನ ಗಾಳಿಯೂ ಸೇರಿ ಅದನ್ನು ಹೊರಕ್ಕೆ ಬೀರುತ್ತವೆ. ಇದರಲ್ಲಿ ಶಕ್ತಿಯ ಸೃಷ್ಟಿಯೇನೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ತಂತಿಯಲ್ಲಿರುವ ಶಕ್ತಿಯನ್ನೇ ಹಲಗೆಯು ಬೇಗ ಬೇಗ ವ್ಯಯಮಾಡುತ್ತದೆ, ಅಷ್ಟೆ. ಆದುದರಿಂದ ಗಟ್ಟಿಯಾಗಿ ಕೇಳಿಸುವ ಟೊಳ್ಳು ವಾದ್ಯದಲ್ಲಿ ಸ್ವರವು ಬೇಗ ಕುಗ್ಗುತ್ತದೆ. ಮೆಲ್ಲಗೆ ಕೇಳಿಸುವ ಗಟ್ಟಿ ವಾದ್ಯದಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಈ ಒಂದು ಮಾತು ಮುಂದಿನ ಕಥೆಗೆಲ್ಲ ಬೀಗದ ಕೈ.

1930ರ ದಶಕದ ಅಮೆರಿಕದಲ್ಲಿ ಜಾಸ್ ವಾದ್ಯಮೇಳಗಳು ದೊಡ್ಡವಾದುವು. ತುತ್ತೂರಿ, ಸ್ಯಾಕ್ಸೊಫೋನು, ಡೋಲುಗಳ ನಡುವೆ ಗಿಟಾರಿನವನು ಕೈ ಆಡಿಸುತ್ತಿರುವುದು ಕಾಣುತ್ತಿತ್ತೇ ಹೊರತು ಕೇಳಿಸುತ್ತಿರಲಿಲ್ಲ. ಇದಕ್ಕೆ ಪರಿಹಾರವು ಗಾಳಿಯಿಂದ ಬರದೆ ಕಾಂತದಿಂದ ಬಂದಿತು. ಬದಲಾಗುತ್ತಿರುವ ಕಾಂತಕ್ಷೇತ್ರವು ಸಮೀಪದ ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲಿಯೇ ತೋರಿಸಿಕೊಟ್ಟಿದ್ದನು. ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಒಂದು ಶಾಶ್ವತ ಕಾಂತವನ್ನೂ, ಅದರ ಸುತ್ತ ಕೂದಲಿನಷ್ಟು ಸಪುರವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳನ್ನೂ ಇಟ್ಟರೆ, ಕಾಂತವು ಉಕ್ಕಿನ ತಂತಿಯನ್ನೂ ಕಾಂತವಾಗಿಸುತ್ತದೆ. ತಂತಿ ಆಡಿದಂತೆ ಸುರುಳಿಯೊಳಗಿನ ಕಾಂತಕ್ಷೇತ್ರವೂ ಏರಿಳಿಯುತ್ತದೆ. ತಂತಿ ಸೆಕೆಂಡಿಗೆ 110 ಸಲ ಆಡಿದರೆ 110 ಆವರ್ತಗಳ ವಿದ್ಯುತ್ತು ಹೊರಡುತ್ತದೆ. ಇದೇ ‘ಪಿಕಪ್’. ಜಾರ್ಜ್ ಬೋಶಾಂ ಎಂಬವನು 1931ರ ಸುಮಾರಿಗೆ ಈ ತತ್ತ್ವವನ್ನು ಗಿಟಾರಿಗೆ ಅಳವಡಿಸಿದನು. ರಿಕನ್‌ಬ್ಯಾಕರ್ ಹೆಸರಿನಲ್ಲಿ ಅದು ಪೇಟೆಗೆ ಬಂದಿತು. 1936ರಲ್ಲಿ ಗಿಬ್ಸನ್ನರ ‘ಇಎಸ್-150’ ಹೊರಬಂದಿತು. ಇಎಸ್ ಎಂಬುದು ‘ಎಲೆಕ್ಟ್ರಿಕ್ ಸ್ಪ್ಯಾನಿಷ್’ ಎಂಬುದರ ಹ್ರಸ್ವರೂಪ. ತೊಡೆಯ ಮೇಲೆ ಮಲಗಿಸಿ ನುಡಿಸುವ ಹವಾಯಿಯನ್ ಬಗೆಯದಲ್ಲ, ಎದೆಗಾನಿಸಿ ನುಡಿಸುವ ಬಗೆಯದು ಎಂದು ತಿಳಿಸುವುದಕ್ಕಾಗಿ. 1939ರಲ್ಲಿ ಬೆನ್ನಿ ಗುಡ್‌ಮನ್ನನ ಮೇಳವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ಯುವಕ ಇದೇ ವಾದ್ಯದ ಮೇಲೆ ಸ್ಯಾಕ್ಸೊಫೋನಿಗೆ ಸರಿಸಾಟಿಯಾಗಿ ಸ್ವರಮಾಲೆ ಹೆಣೆದು ತೋರಿಸಿದನು. 1942ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ ಅವನು ತೀರಿಕೊಂಡದ್ದು ಸಂಗೀತಕ್ಕಾದ ನಷ್ಟ.

ಇಲ್ಲಿ ನಮ್ಮ ವೀಣೆಯ ಮಾತು ಒಂದನ್ನು ಹೇಳಬಹುದು. ಇಂದು ವೀಣೆಗೂ ಇಂಥ ಪಿಕಪ್ ಜೋಡಿಸುವವರಿದ್ದಾರೆ. ಸಾರಣಿ, ಪಂಚಮ ತಂತಿಗಳು ಉಕ್ಕಿನವಾದುದರಿಂದ ಪಿಕಪ್ಪಿಗೆ ಚೆನ್ನಾಗಿ ಸಿಕ್ಕುತ್ತವೆ. ಸಂಪ್ರದಾಯದ ಮಂದ್ರ, ಅನುಮಂದ್ರ ತಂತಿಗಳು ಬರಿಯ ಹಿತ್ತಾಳೆಯವಾಗಿದ್ದರೆ ಕಾಂತವು ಅವನ್ನು ಕೇಳಿಸಿಕೊಳ್ಳುವುದೇ ಇಲ್ಲವೆನ್ನಬಹುದು. ಹಿತ್ತಾಳೆ ಕಾಂತಕ್ಕೆ ಒಲಿಯುವ ಲೋಹವಲ್ಲವಷ್ಟೆ. ಪಿಕಪ್ಪು ಕೇಳಿಸಿಕೊಳ್ಳುವುದು ಧ್ವನಿಯನ್ನಲ್ಲ, ಉಕ್ಕಿನ ಚಲನೆಯನ್ನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹೀಗೆ ಧ್ವನಿಯೇನೋ ದೊಡ್ಡದಾಯಿತು, ಆದರೆ ಹೊಸ ತೊಡಕೊಂದು ಎದುರಾಯಿತು. ಟೊಳ್ಳು ಗಿಟಾರಿನ ಎದುರಿಗೇ ಧ್ವನಿವರ್ಧಕವಿದೆ. ಅದರಿಂದ ಹೊರಟ ಧ್ವನಿಯು ಗಿಟಾರಿನ ಹಲಗೆಯನ್ನು ಅಲುಗಿಸುತ್ತದೆ. ಹಲಗೆ ತಂತಿಯನ್ನು ಅಲುಗಿಸುತ್ತದೆ. ತಂತಿಯ ಚಲನೆ ಪಿಕಪ್ಪಿನ ಮೂಲಕ ಮತ್ತೆ ಧ್ವನಿವರ್ಧಕಕ್ಕೆ ಹೋಗಿ ಹಿಗ್ಗಿ ಹೊರಬರುತ್ತದೆ. ಒಂದು ಸುತ್ತು ಮುಗಿದಾಗ ಧ್ವನಿಯು ಮೊದಲಿನ ಹತ್ತರಲ್ಲಿ ಒಂಬತ್ತು ಪಾಲಾಗಿ ಮರಳಿದರೆ ಭಯವಿಲ್ಲ. ಸುತ್ತು ಸುತ್ತಿಗೂ ಅದು ಕುಗ್ಗಿ ಅಡಗುತ್ತದೆ. ಹತ್ತಕ್ಕೆ ಹನ್ನೊಂದಾಗಿ ಮರಳಿದರೆ? ಹತ್ತು ಸುತ್ತಿಗೆ ಎರಡೂವರೆ ಪಾಲಿಗಿಂತಲೂ ಹೆಚ್ಚು, ಐವತ್ತು ಸುತ್ತಿಗೆ ನೂರ ಹದಿನೇಳು ಪಾಲು! ಧ್ವನಿವರ್ಧಕವು ಎರಡು ಮೀಟರು ದೂರದಲ್ಲಿದ್ದರೆ, ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರಾದುದರಿಂದ, ಈ ಐವತ್ತು ಸುತ್ತುಗಳು ಮುಗಿಯಲು ಸೆಕೆಂಡಿನ ಮೂರನೆಯ ಒಂದು ಭಾಗವೂ ಬೇಡ. ವಾದಕನು ಕೈ ಎತ್ತುವಷ್ಟರಲ್ಲಿ ಕೂಗು ಸಭಾಂಗಣವನ್ನೆಲ್ಲ ತುಂಬಿರುತ್ತದೆ. ಪ್ರತಿಯೊಂದು ಟೊಳ್ಳು ಒಡಲಿಗೂ ತನಗೆ ಪ್ರಿಯವಾದ ಕೆಲವು ಕಂಪನ ಸಂಖ್ಯೆಗಳಿರುತ್ತವೆ. ಖಾಲಿ ಸೀಸೆಯ ಬಾಯಿಗೆ ಊದಿದರೆ ಅದು ತನ್ನದೇ ಒಂದು ಸ್ವರವನ್ನು ಕೊಡುವಂತೆ, ಗಿಟಾರಿನ ಒಡಲೂ ಆ ಕೆಲವು ಸ್ವರಗಳಿಗೆ ಅನುನಾದಗೊಳ್ಳುತ್ತದೆ. ಕೂಗು ಹುಟ್ಟುವುದು ಅಲ್ಲಿಯೇ.

ಒಡಲೇ ಅಪರಾಧಿಯಾದರೆ ಒಡಲನ್ನೇ ತೆಗೆದುಬಿಟ್ಟರಾಯಿತಲ್ಲ! ಲೆಸ್ ಪಾಲ್ ಎಂಬ ವಾದಕನು 1940ರ ಸುಮಾರಿಗೆ ಮಾಡಿದ್ದು ಇದನ್ನೇ. ನಾಲ್ಕು ಅಂಗುಲ ಅಗಲ, ನಾಲ್ಕು ಅಂಗುಲ ದಪ್ಪದ ಪೈನ್ ಮರದ ತುಂಡೊಂದಕ್ಕೆ ತಂತಿ ಬಿಗಿದು ಪಿಕಪ್ ಜೋಡಿಸಿ, ಅದಕ್ಕೆ ‘ದಿಮ್ಮಿ’ ಎಂದೇ ಹೆಸರಿಟ್ಟನು. ಸ್ವರವು ಬಹುಕಾಲ ನಿಂತಿತು, ಕೂಗು ಅಡಗಿತು. ಆದರೆ ಜನ ಒಪ್ಪಲಿಲ್ಲ. ಆಗ ಅವನು ಒಂದು ಎಪಿಫೋನ್ ಗಿಟಾರಿನ ಒಡಲನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನೂ ದಿಮ್ಮಿಯ ಎರಡು ಕಡೆಗೆ ರೆಕ್ಕೆಗಳಂತೆ ಜೋಡಿಸಿದನಂತೆ. ವಾದ್ಯ ಅದೇ, ಧ್ವನಿ ಅದೇ. ಈಗ ಅದು ಗಿಟಾರಿನಂತೆ ಕಾಣುತ್ತಿದ್ದುದರಿಂದ ಜನ ಮೆಚ್ಚಿದರಂತೆ. ಲೆಸ್ ಪಾಲ್ ತಾನೇ ಹೇಳುತ್ತಿದ್ದ ಈ ಕಥೆಯಲ್ಲಿ ಕೇಳುವವರು ಕಣ್ಣಿನಿಂದ ಎಷ್ಟು ಕೇಳುತ್ತಾರೆಂಬ ಸ್ವಾರಸ್ಯವಿದೆ. ಅದಕ್ಕೆ ಆಮೇಲೆ ಬರೋಣ.

1950ರಲ್ಲಿ ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ ಎಂಬವನು ಗಟ್ಟಿ ಹಲಗೆಯ ಗಿಟಾರನ್ನು ಪೇಟೆಗೆ ತಂದನು. ಮರುವರ್ಷ ಅದಕ್ಕೆ ಟೆಲಿಕ್ಯಾಸ್ಟರ್ ಎಂಬ ಹೆಸರು ನಿಂತಿತು. 1952ರಲ್ಲಿ ಗಿಬ್ಸನ್ನರೂ ಲೆಸ್ ಪಾಲನ ಹೆಸರಿನಲ್ಲಿಯೇ ಗಟ್ಟಿ ಗಿಟಾರೊಂದನ್ನು ಹೊರತಂದರು. ಆದರೆ ಹಳೆಯ ಟೊಳ್ಳು ವಾದ್ಯಕ್ಕೆ ಒಗ್ಗಿದ್ದವರಿಗೆ ಗಟ್ಟಿ ಹಲಗೆ ಹಿಡಿಸಲಿಲ್ಲ. ಆಕಾರ ಪರಿಚಿತವಲ್ಲ; ಮಡಿಲಲ್ಲಿಟ್ಟರೆ ಭಾರ; ಮೀಟಿದರೆ ಎದೆಗೆ ತಾಗುವ ನಡುಕವಿಲ್ಲ. ಅವರ ದೂರಿನಲ್ಲಿ ಹುರುಳಿದ್ದಿತು.

ಆಗ ಗಿಬ್ಸನ್ ಕಂಪೆನಿಯ ಅಧ್ಯಕ್ಷನಾಗಿದ್ದವನು ಟೆಡ್ ಮೆಕಾರ್ಟಿ, ವಿದ್ಯಾಭ್ಯಾಸದಿಂದ ಇಂಜಿನಿಯರು. 1955ರಲ್ಲಿ ಅವನ ಕಾರ್ಖಾನೆಯಿಂದ ತೆಳುವಾದ ಒಡಲಿನ ಟೊಳ್ಳು ಗಿಟಾರುಗಳು ಬಂದವು. ಹಿಡಿಯಲು ಹಿತವಾಗಿದ್ದರೂ ಅವು ಕೂಗುವುದನ್ನು ಬಿಡಲಿಲ್ಲ. 1958ರಲ್ಲಿ ಬಂದ ಇಎಸ್-335ರಲ್ಲಿ ಎರಡು ವಿಚಾರಗಳೂ ಒಂದಾದವು. ಅದರ ಒಡಲು ಹದಿನಾರು ಅಂಗುಲ ಅಗಲ, ಆದರೆ ದಪ್ಪ ಒಂದೂಮುಕ್ಕಾಲು ಅಂಗುಲದಷ್ಟು ಮಾತ್ರ. ಮೇಲಿನ, ಕೆಳಗಿನ ಹಲಗೆಗಳು ಮೇಪಲ್, ಪಾಪ್ಲರ್, ಮೇಪಲ್ ಪದರಗಳನ್ನು ಅಂಟಿಸಿ ಒತ್ತಿ ಬಾಗಿಸಿದವು. ಬಿಚ್ಚಿ ಹೇಳುವುದಾದರೆ ಪ್ಲೈವುಡ್. ಒಡಲಿನ ನಡುವೆ, ಕೊರಳು ಸೇರುವಲ್ಲಿಂದ ಕೆಳತುದಿಯವರೆಗೆ, ಮೇಪಲ್ ಮರದ ದಿಮ್ಮಿಯೊಂದು ಉದ್ದಕ್ಕೆ ಓಡುತ್ತದೆ. ಬಾಗಿದ ಹಲಗೆಗೂ ಚಪ್ಪಟೆ ದಿಮ್ಮಿಗೂ ನಡುವಣ ಸಂದನ್ನು ಸ್ಪ್ರೂಸ್ ಮರದ ತುಂಡುಗಳಿಂದ ತುಂಬಿದ್ದಾರೆ. ದಿಮ್ಮಿಯ ಎರಡು ಕಡೆಗಳಲ್ಲಿ ಮಾತ್ರ ಟೊಳ್ಳು. ಅಲ್ಲಿ ಪಿಟೀಲಿನಲ್ಲಿರುವಂತೆ ಇಂಗ್ಲಿಷಿನ ‘ಎಫ್’ ಅಕ್ಷರದ ಆಕಾರದ ರಂಧ್ರಗಳು. ಹೆಗಲುಗಳೆರಡನ್ನೂ ಕೊರೆದು, ಕೊರಳು ಹತ್ತೊಂಬತ್ತನೆಯ ಮೆಟ್ಟಿಲಿನಲ್ಲಿ ಒಡಲನ್ನು ಸೇರುವಂತೆ ಮಾಡಿರುವುದರಿಂದ ಕೈ ತಾರಸ್ಥಾಯಿಯ ಕೊನೆಯ ಮೆಟ್ಟಿಲಿನವರೆಗೂ ತಡೆಯಿಲ್ಲದೆ ಹೋಗುತ್ತದೆ.

ಈಗ ಕುದುರೆ ನಿಂತಿರುವುದು ದಿಮ್ಮಿಯ ಮೇಲೆ. ಪಿಕಪ್ಪುಗಳು ಕೂತಿರುವುದೂ ಅದರ ಮೇಲೆಯೇ. ಧ್ವನಿವರ್ಧಕದ ಧ್ವನಿಯು ರೆಕ್ಕೆಗಳನ್ನು ಅಲುಗಿಸಬಹುದು, ಆದರೆ ನಡುವಿನ ಭಾರವಾದ, ಬಿರುಸಾದ ದಿಮ್ಮಿಯನ್ನು ಅಷ್ಟು ಸುಲಭವಾಗಿ ಅಲುಗಿಸಲಾರದು. ಸುತ್ತಿನ ಕೊಂಡಿಯೊಂದು ಸಡಿಲವಾಯಿತು. ಹತ್ತಕ್ಕೆ ಹನ್ನೊಂದಾಗಿ ಬರುತ್ತಿದ್ದುದು ಒಂಬತ್ತಕ್ಕಿಳಿಯಿತು. ಅದೇ ಕಾರಣದಿಂದ ತಂತಿಯ ಶಕ್ತಿ ಕುದುರೆಯ ಮೂಲಕ ಸೋರುವುದೂ ಕಡಮೆಯಾಗಿ ಸ್ವರವು ಹೆಚ್ಚು ಹೊತ್ತು ನಿಂತಿತು. ಇಷ್ಟಾದರೂ ರೆಕ್ಕೆಗಳು ಸ್ವಲ್ಪ ಮಿಡಿಯುತ್ತಲೇ ಇರುತ್ತವೆ. ವಿದ್ಯುತ್ತಿನ ಸಂಪರ್ಕವಿಲ್ಲದೆ ಮೀಟಿದರೂ ಕೋಣೆಯೊಳಗೆ ಅಭ್ಯಾಸ ಮಾಡುವಷ್ಟು ಧ್ವನಿ ಬರುತ್ತದೆ. ಲೆಸ್ ಪಾಲನ ರೆಕ್ಕೆಕಟ್ಟಿದ ದಿಮ್ಮಿಗೆ ನಿಜವಾದ ವಾರಸುದಾರ ಅವನ ಹೆಸರು ಹೊತ್ತ ಗಟ್ಟಿ ಗಿಟಾರಲ್ಲ, ಈ ಅರೆಟೊಳ್ಳು ಗಿಟಾರೇ ಎಂದು ನಮಗೆ ತೋರುತ್ತದೆ.

ಈ ವಾದ್ಯದ ಧ್ವನಿಯಲ್ಲಿ ಮರದಷ್ಟೇ, ಬಹುಶಃ ಮರಕ್ಕಿಂತ ಹೆಚ್ಚಾಗಿ, ಪಾಲುಳ್ಳದ್ದು ಅದರ ಪಿಕಪ್ಪು. ಸಾಮಾನ್ಯ ಸುರುಳಿಯು ತಂತಿಯ ಚಲನೆಯನ್ನಷ್ಟೇ ಅಲ್ಲ, ಸುತ್ತಮುತ್ತಲ ವಿದ್ಯುತ್ ದೀಪ, ಮೋಟಾರು, ಟ್ರಾನ್ಸ್‌ಫಾರ್ಮರುಗಳಿಂದ ಬರುವ ಕಾಂತಕ್ಷೇತ್ರವನ್ನೂ ಹೀರಿಕೊಂಡು ‘ಹುಂ’ ಎಂದು ಗುಂಯ್‌ಗುಡುತ್ತದೆ. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತಗಳದು, ನಮ್ಮದು 50. ಗುಂಯ್‌ಗುಡುವ ಶ್ರುತಿ ಬೇರೆಯಾದರೂ ಉಪದ್ರವ ಒಂದೇ. ಗಿಬ್ಸನ್ನರಲ್ಲಿದ್ದ ಸೆತ್ ಲವರ್ ಎಂಬ ತಂತ್ರಜ್ಞ 1955ರಲ್ಲಿ ಇದಕ್ಕೆ ಪರಿಹಾರ ಕಂಡುಹಿಡಿದನು. ಒಂದರ ಬದಲು ಎರಡು ಸುರುಳಿ. ಒಂದರಲ್ಲಿ ತಂತಿ ಸುತ್ತಿದ ದಿಕ್ಕಿಗೆ ಇನ್ನೊಂದರದು ವಿರುದ್ಧ. ಹೊರಗಿನಿಂದ ಬಂದ ಗದ್ದಲ ಎರಡಕ್ಕೂ ಸಮನಾಗಿ ತಾಗುತ್ತದೆ, ಸುತ್ತು ವಿರುದ್ಧವಾದುದರಿಂದ ಒಂದರಲ್ಲಿ ಧನ, ಇನ್ನೊಂದರಲ್ಲಿ ಋಣ, ಕೂಡಿದರೆ ಸೊನ್ನೆ. ಹಾಗಾದರೆ ಗಿಟಾರಿನ ಧ್ವನಿಯೂ ಸೊನ್ನೆಯಾಗಬೇಡವೇ? ಇಲ್ಲ. ಏಕೆಂದರೆ ಲವರನು ಒಂದು ಸುರುಳಿಯಲ್ಲಿ ಕಾಂತದ ಉತ್ತರಧ್ರುವವನ್ನೂ ಇನ್ನೊಂದರಲ್ಲಿ ದಕ್ಷಿಣಧ್ರುವವನ್ನೂ ತಂತಿಯ ಕಡೆಗೆ ತಿರುಗಿಸಿದನು. ಸುತ್ತೂ ವಿರುದ್ಧ, ಧ್ರುವವೂ ವಿರುದ್ಧ. ಋಣದಿಂದ ಋಣವನ್ನು ಗುಣಿಸಿದರೆ ಧನವೆಂದು ಶಾಲೆಯಲ್ಲಿ ಕಲಿತಿದ್ದೇವೆ. ತಂತಿಯ ಧ್ವನಿಗಳೆರಡೂ ಕೂಡಿ ಇಮ್ಮಡಿಯಾಗುತ್ತವೆ, ಗದ್ದಲ ಕಳೆದುಹೋಗುತ್ತದೆ. ಇಷ್ಟು ಅಚ್ಚುಕಟ್ಟಾದ ಲೆಕ್ಕ ಯಂತ್ರಶಾಸ್ತ್ರದಲ್ಲಿ ಅಪರೂಪ.

ಲಾಭದ ಜೊತೆಗೆ ಒಂದು ಬದಲಾವಣೆಯೂ ಬಂದಿತು. ಎರಡು ಸುರುಳಿಗಳು ತಂತಿಯನ್ನು ಸುಮಾರು ಎರಡು ಸೆಂಟಿಮೀಟರು ಅಂತರದ ಎರಡು ಕಡೆ ಗಮನಿಸುತ್ತವೆ. ಮೂಲಸ್ವರದ ಉದ್ದವಾದ ಅಲೆಗೆ ಈ ಅಂತರ ಲೆಕ್ಕಕ್ಕಿಲ್ಲ. ಆದರೆ ತಂತಿಯಲ್ಲಿ ಮೂಲಸ್ವರದೊಡನೆ ಏಳುವ ಅನೇಕ ಮೇಲುಸ್ವರಗಳಲ್ಲಿ ಬಹಳ ಮೇಲಿನವುಗಳ ಅಲೆ ಚಿಕ್ಕದು. ಅರ್ಧ ಅಲೆಯ ಉದ್ದವು ಈ ಅಂತರಕ್ಕೆ ಸರಿಯಾದಾಗ ತಂತಿಯು ಒಂದು ಸುರುಳಿಯ ಮೇಲೆ ಏರುತ್ತಿದ್ದರೆ ಇನ್ನೊಂದರ ಮೇಲೆ ಇಳಿಯುತ್ತಿರುತ್ತದೆ. ಆ ಮೇಲುಸ್ವರ ಅಳಿಸಿಹೋಗುತ್ತದೆ. ಆದುದರಿಂದಲೇ ಈ ಪಿಕಪ್ಪಿನ ಧ್ವನಿ ಕಿವಿಗೆ ಚುಚ್ಚದೆ ದುಂಡಾಗಿ, ತುಸು ಮಬ್ಬಾಗಿ ಕೇಳುತ್ತದೆ. ವಾದಕರು ಇದನ್ನು ‘ಬೆಚ್ಚನೆಯ ಧ್ವನಿ’ ಎನ್ನುತ್ತಾರೆ.

ಬಿ. ಬಿ. ಕಿಂಗ್ (1925–2015) ಎಂಬ ಬ್ಲೂಸ್ ಸಂಗೀತದ ಹಿರಿಯ ವಾದಕನ ಹೆಸರನ್ನು ಇಲ್ಲಿ ಹೇಳದಿರುವುದು ಸಾಧ್ಯವಿಲ್ಲ. 1949ರ ಚಳಿಗಾಲದಲ್ಲಿ ಆರ್ಕನ್ಸಾಸಿನ ಟ್ವಿಸ್ಟ್ ಎಂಬಲ್ಲಿ ಅವನು ನುಡಿಸುತ್ತಿದ್ದ ಮನೆಗೆ, ಇಬ್ಬರ ಜಗಳದಲ್ಲಿ ಸೀಮೆಎಣ್ಣೆಯ ಡಬ್ಬ ಉರುಳಿ, ಬೆಂಕಿ ಹತ್ತಿತು. ಹೊರಗೋಡಿದ ಕಿಂಗ್ ತನ್ನ ಗಿಟಾರಿಗಾಗಿ ಮತ್ತೆ ಒಳಕ್ಕೆ ನುಗ್ಗಿದನು. ಜಗಳಕ್ಕೆ ಕಾರಣಳಾದವಳ ಹೆಸರು ಲೂಸಿಲ್ ಎಂದು ಆಮೇಲೆ ತಿಳಿದು, ಇಂಥ ಹುಚ್ಚು ಇನ್ನೊಮ್ಮೆ ಮಾಡದಿರಲೆಂದು ತನ್ನ ಗಿಟಾರುಗಳಿಗೆಲ್ಲ ಅದೇ ಹೆಸರಿಟ್ಟನು. ಮುಂದೆ ಅವನ ಕೈಯಲ್ಲಿ ನಿಂತ ಲೂಸಿಲ್, 335ರ ಅಲಂಕೃತ ಸೋದರಿಯಾದ ಇಎಸ್-355. ಆದರೆ ದೊಡ್ಡ ಸಭಾಂಗಣಗಳಲ್ಲಿ ಅದೂ ಕೂಗತೊಡಗಿತು. ರಂಧ್ರಗಳೊಳಗೆ ಬಟ್ಟೆ ತುರುಕಿ ಅವನು ಅದನ್ನು ತಡೆಯುತ್ತಿದ್ದನಂತೆ. 1980ರಲ್ಲಿ ಗಿಬ್ಸನ್ನರು ಅವನ ಹೆಸರಿನ ಮಾದರಿಯನ್ನು ಹೊರತಂದಾಗ ಆ ರಂಧ್ರಗಳನ್ನೇ ಮುಚ್ಚಿಬಿಟ್ಟರು. ರಂಧ್ರವಿಲ್ಲದಿದ್ದರೆ ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ಸಂಬಂಧ ಕಡಿದಂತೆ. ಸೀಸೆಗೆ ಬಿರಡೆ ಹಾಕಿದ ಮೇಲೆ ಊದಿ ಫಲವೇನು?

ಇನ್ನು ಕೆಲವರು ಕೂಗನ್ನು ತಡೆಯುವ ಬದಲು ಕೆಲಸಕ್ಕೆ ಹಚ್ಚಿದರು. ಅರೆಟೊಳ್ಳು ವಾದ್ಯದಲ್ಲಿ ಒಡಲಿನ ಒರಟು ಕೂಗು ಹಿಂದೆ ಸರಿದಿರುವುದರಿಂದ, ಧ್ವನಿವರ್ಧಕದ ಬಳಿಗೆ ಹೋದಾಗ ಮೊದಲು ಮರುಜೀವ ಪಡೆಯುವುದು ಮೀಟಿದ ತಂತಿಯೇ. ಸ್ವರವು ಸಾಯುವ ಬದಲು ಪಿಟೀಲಿನ ಕಮಾನು ಎಳೆದಂತೆ ನಿಲ್ಲುತ್ತದೆ, ಬೆಳೆಯುತ್ತದೆ. ಒಂದು ಹೆಜ್ಜೆ ಹಿಂದಿಟ್ಟರೆ, ಮೈ ತುಸು ತಿರುಗಿಸಿದರೆ ಅದೇ ಸ್ವರ ಮೇಲುಸ್ವರಕ್ಕೆ ಹಾರುತ್ತದೆ. ಗಟ್ಟಿ ಹಲಗೆಯಲ್ಲಿ ಇದಕ್ಕೆ ಧ್ವನಿಯನ್ನು ಬಹಳ ಏರಿಸಬೇಕು. ಪೂರ್ತಿ ಟೊಳ್ಳಿನಲ್ಲಿ ಇದು ಹಿಡಿತಕ್ಕೆ ಸಿಕ್ಕುವುದಿಲ್ಲ. ಈ ಗಿಟಾರು ಜಾಸಿಗೂ ಬ್ಲೂಸಿಗೂ ರಾಕಿಗೂ ಒಗ್ಗಿದ್ದರ ಮುಖ್ಯ ಕಾರಣ ಇದೆಂದು ನಮ್ಮ ಅಭಿಪ್ರಾಯ.

ಇನ್ನು ‘ಹಳೆಯದೇ ಚಿನ್ನ’ ಎಂಬ ಮಾತಿಗೆ ಬರೋಣ. ಎರಿಕ್ ಕ್ಲಾಪ್ಟನ್ ಬಳಸಿದ 1964ರ ಕೆಂಪು 335 ಒಂದು 2004ರ ಹರಾಜಿನಲ್ಲಿ 8,47,500 ಡಾಲರಿಗೆ ಹೋಯಿತು. ಅದು ಹೆಸರಿನ ಬೆಲೆ. ಆದರೆ ಹೆಸರಿಲ್ಲದವರ ಕೈಯಲ್ಲಿದ್ದ 1958–64ರ ಗಿಟಾರುಗಳಿಗೂ ಬೆಲೆ ಅಪಾರ. ಹಳೆಯ ಪಿಕಪ್ಪುಗಳ ಅಡಿಯಲ್ಲಿ ‘ಪೇಟೆಂಟಿಗೆ ಅರ್ಜಿ ಸಲ್ಲಿಸಿದೆ’ ಎಂಬ ಚೀಟಿಯಿದ್ದರಂತೂ ಕೇಳುವುದೇ ಬೇಡ. ಲವರನಿಗೆ ಪೇಟೆಂಟು 1959ರಲ್ಲಿಯೇ ದೊರೆತರೂ ಚೀಟಿ ಕೆಲವು ವರ್ಷ ಹಾಗೆಯೇ ಉಳಿಯಿತು; ಆಮೇಲೆ ಬಂದ ಚೀಟಿಯಲ್ಲಿ ಅಚ್ಚಾದದ್ದು ಪಿಕಪ್ಪಿನ ಪೇಟೆಂಟ್ ಸಂಖ್ಯೆಯೇ ಅಲ್ಲ, ಲೆಸ್ ಪಾಲನ ತಂತಿಹಿಡಿಕೆಯದು! ಈ ಹಳೆಯ ಪಿಕಪ್ಪುಗಳ ಗುಣವೇನೆಂದು ನೋಡಿದರೆ, ಒಂದರಂತೆ ಇನ್ನೊಂದಿಲ್ಲ. ಸುರುಳಿಗೆ ಸುಮಾರು ಐದು ಸಾವಿರ ಸುತ್ತುಗಳಿರಬೇಕೆಂದಿದ್ದರೂ ಕೆಲಸಗಾರರು ಬುಗುರಿ ತುಂಬಿದಾಗ ನಿಲ್ಲಿಸುತ್ತಿದ್ದರು. ಕಾಂತಗಳೂ ಕೈಗೆ ಸಿಕ್ಕಿದ ಬಗೆಯವು. ಹೀಗಿರುವಲ್ಲಿ ‘ಆ ಕಾಲದ ಧ್ವನಿ’ ಎಂಬ ಒಂದೇ ಧ್ವನಿ ಎಂದೂ ಇರಲಿಲ್ಲ.

ಮರದ ವಿಚಾರವೂ ವಾದಕರು ನಂಬುವಷ್ಟು ಸರಳವಲ್ಲ. ಪಿಕಪ್ಪಿಗೆ ಮರ ಕೇಳಿಸುವುದಿಲ್ಲ. ಮರವು ಧ್ವನಿಯನ್ನು ಬದಲಿಸುವುದು ತಂತಿಯ ತುದಿಗಳಲ್ಲಿ ಎಷ್ಟು ಶಕ್ತಿ ಸೋರಲು ಬಿಡುತ್ತದೆಂಬುದರ ಮೂಲಕ ಮಾತ್ರ. ಜರ್ಮನಿಯ ಫ್ಲೈಷರ್ ಮತ್ತು ಜ್ವಿಕರ್ 1998ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ವಿದ್ಯುತ್ ಗಿಟಾರಿನ ಕೆಲವು ಮೆಟ್ಟಿಲುಗಳಲ್ಲಿ ಸ್ವರ ಬೇಗ ಸಾಯುವುದಕ್ಕೆ ಮುಖ್ಯ ಕಾರಣ ಒಡಲಿಗಿಂತ ಕೊರಳಿನ ಕಂಪನವೇ ಎಂದು ಕಂಡುಬಂದಿತು. ಹಳೆಯ ವಾದ್ಯ ಮೇಲೆಂಬ ನಂಬಿಕೆಯನ್ನು ಪಿಟೀಲಿನಲ್ಲಿ ನೇರವಾಗಿ ಪರೀಕ್ಷಿಸಿದ್ದಾರೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ಲೌಡಿಯ ಫ್ರಿಟ್ಸ್ ಮತ್ತು ಸಂಗಡಿಗರು 21 ವಾದಕರಿಗೆ ಬೆಸುಗೆಯವರ ಕಪ್ಪು ಕನ್ನಡಕ ತೊಡಿಸಿ, ಮೂರು ಹೊಸ, ಮೂರು ಪ್ರಾಚೀನ ಇಟಲಿಯ ಪಿಟೀಲುಗಳನ್ನು ಕೊಟ್ಟರು. ಹೆಚ್ಚು ಮೆಚ್ಚುಗೆ ಪಡೆದದ್ದು ಹೊಸದೊಂದು. ತೀರ ಹಿಂದೆ ಬಿದ್ದದ್ದು ಒಂದು ಸ್ಟ್ರಾಡಿವಾರಿ.

ಇದರಿಂದ ವಾದಕರ ಅನುಭವವೆಲ್ಲ ಭ್ರಮೆಯೆಂದು ತಳ್ಳಿಹಾಕುವುದು ಸರಿಯಲ್ಲ. ಕೇಳುವವನಿಗೆ ಬರುವುದು ಧ್ವನಿವರ್ಧಕದ ಧ್ವನಿ ಮಾತ್ರ. ನುಡಿಸುವವನಿಗೆ ಅದರೊಡನೆ ರೆಕ್ಕೆಗಳ ಮಿಡಿತ ಪಕ್ಕೆಗೆ ತಾಗುತ್ತದೆ, ಕೊರಳಿನ ನಡುಕ ಅಂಗೈಗೆ ತಿಳಿಯುತ್ತದೆ. ಅದಕ್ಕೆ ತಕ್ಕಂತೆ ಅವನ ಬೆರಳಿನ ಒತ್ತಡವೂ ಬದಲಾಗುತ್ತದೆ. 1965ರಲ್ಲಿ 335ರ ಕೊರಳನ್ನು ತಲೆಯ ಬಳಿ ಎಂಟನೆಯ ಒಂದು ಅಂಗುಲದಷ್ಟು ಕಿರಿದು ಮಾಡಿದಾಗ ಅನೇಕರು ಗೊಣಗಿದರು. ಅದು ಬೆರಳುಗಳ ದೂರು, ಭ್ರಮೆಯಲ್ಲ.

ಈಗ ‘ಹಳೆಯ ಮಾದರಿ’ಯೆಂದು ಮಾರುವ ಗಿಟಾರುಗಳಲ್ಲಿ ಅಗಲವಾದ ಕೊರಳು, ಕಾಲಕ್ರಮದಲ್ಲಿ ಬಿರುಕುಬಿಡುವ ನೈಟ್ರೊಸೆಲ್ಯುಲೋಸ್ ಮೆರುಗು, ಮೇಣದಲ್ಲಿ ಅದ್ದದ ಪಿಕಪ್ಪು, ಇವನ್ನೆಲ್ಲ ಹಳೆಯಂತೆಯೇ ಮಾಡಿಕೊಡುವವರಿದ್ದಾರೆ. ಇವುಗಳಲ್ಲಿ ಕೊನೆಯದನ್ನು ಕೊಳ್ಳುವವರು ಪರೀಕ್ಷಿಸಿ ನೋಡಬೇಕು. ಮೇಣವು ಸುರುಳಿಯ ಎಳೆಗಳು ಅಲುಗದಂತೆ ಹಿಡಿದಿಡುತ್ತದೆ. ಮೇಣವಿಲ್ಲದಿದ್ದರೆ ಎಳೆಗಳು ತಾವೇ ಕಂಪಿಸಿ, ಪಿಕಪ್ಪು ಸ್ವಲ್ಪಮಟ್ಟಿಗೆ ಮೈಕಿನಂತೆ ವರ್ತಿಸುತ್ತದೆ. ಬೆರಳಿನಿಂದ ತಟ್ಟಿದರೆ ‘ಟಕ್’ ಎಂದು ಧ್ವನಿವರ್ಧಕದಲ್ಲಿ ಕೇಳುತ್ತದೆ. ಧ್ವನಿಗೆ ಇದು ತುಸು ಜೀವ ತುಂಬುತ್ತದೆನ್ನುವವರಿದ್ದಾರೆ. ಆದರೆ ದಿಮ್ಮಿಯಿಟ್ಟು ಮುಚ್ಚಿದ ದಾರಿಯ ಪಕ್ಕದಲ್ಲಿಯೇ ಕೂಗಿಗೆ ಇನ್ನೊಂದು ಕಿಂಡಿ ತೆರೆದಂತಾಯಿತು. ಆದುದರಿಂದ ಅಂಗಡಿಯಲ್ಲಿ ಧ್ವನಿವರ್ಧಕಕ್ಕೆ ಎದುರಾಗಿ ಎರಡು ಮೀಟರು ದೂರದಲ್ಲಿ ನಿಂತು, ತಂತಿಗಳನ್ನೆಲ್ಲ ಅಂಗೈಯಿಂದ ಅದುಮಿ ಹಿಡಿದು, ಧ್ವನಿಯನ್ನು ಮೆಲ್ಲಗೆ ಏರಿಸುತ್ತ ಹೋಗಬೇಕು. ತಂತಿಗಳು ಸುಮ್ಮನಿರುವಾಗಲೂ ಕೀರಲು ಕೂಗು ಎದ್ದರೆ ಅದು ತಂತಿಯಿಂದ ಬಂದದ್ದಲ್ಲ, ಹೆಚ್ಚಾಗಿ ಆ ಸುರುಳಿಯಿಂದಲೇ ಬಂದದ್ದು.